ವಿಂಡೋಸ್ 11ಕ್ಕೆ ಬದಲಾಯಿಸಲೇಬೇಕೇ?

ಪ್ರಶ್ನೆ: ನನ್ನ ಡಿಟಿಪಿ ಅಂಗಡಿಗೆ 2016ರಲ್ಲಿ ಕೊಂಡ ಕಂಪ್ಯೂಟರ್ ವಿಂಡೋಸ್ 10ರಲ್ಲಿ ಚೆನ್ನಾಗಿಯೇ ನಡೆಯುತ್ತಿದೆ. ಈಗ ವಿಂಡೋಸ್ 11 ಹಾಕಿಸುವುದು ಅನಿವಾರ್ಯವೇ?
– ಓದುಗರು, ಶಿರಸಿ

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇದರಿಂದ ಕಂಪ್ಯೂಟರ್ ನಿಂತುಹೋಗುವುದಿಲ್ಲವಾದರೂ, ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ತಾನಾಗಿ ಸಿಗುವುದಿಲ್ಲ. ವಿಂಡೋಸ್ 11 ಭದ್ರತಾ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಚಿಪ್ಪನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅನಂತರದ ಪ್ರೊಸೆಸರನ್ನೂ ಕೇಳುವುದರಿಂದ, 2016ರ ನಿಮ್ಮ ಯಂತ್ರ ಬಹುತೇಕ ಅರ್ಹವಾಗದು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶದಿಂದ ಇದನ್ನು ಉಚಿತವಾಗಿ ಖಚಿತಪಡಿಸಿಕೊಳ್ಳಬಹುದು. ಈ ನಿರ್ಬಂಧವನ್ನು ತಪ್ಪಿಸಿ ‘ಹೇಗೋ ಹಾಕಿಕೊಡುತ್ತೇವೆ’ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಆದರೆ ಅಂತಹ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯಿಲ್ಲದ ಕಾರಣ, ದುಡಿಮೆಯ ಕಂಪ್ಯೂಟರಿಗೆ ಅದು ಬೇಡ.

ವಿಂಡೋಸ್ 10ಕ್ಕೆ ಭದ್ರತಾ ತೇಪೆಗಳನ್ನು ಮುಂದುವರಿಸುವ, 2026ರ ಅಕ್ಟೋಬರ್‌ವರೆಗಿನ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೆಟ್ಟಿಂಗ್ಸ್‌ನಲ್ಲಿಯೇ ನೋಂದಾಯಿಸಿಕೊಂಡು, ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳುವುದು ಮೇಲು. ಹೊಸದನ್ನು ಕೊಳ್ಳುವಾಗ ನಿಮ್ಮ ಪುಟವಿನ್ಯಾಸದ ತಂತ್ರಾಂಶ, ‘ನುಡಿ’ ಕನ್ನಡ ತಂತ್ರಾಂಶದ ಅಕ್ಷರಗಳ ಹಳೆಯ ಕಡತ, ಪ್ರಿಂಟರಿನ ಡ್ರೈವರ್ ಇವಿಷ್ಟನ್ನೂ ಅದರಲ್ಲಿ ಪರೀಕ್ಷಿಸಿ, ಒಂದು ಆಮಂತ್ರಣ ಪತ್ರಿಕೆಯನ್ನಾದರೂ ಮುದ್ರಿಸಿ ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ನೋಡಿದ ಬಳಿಕವೇ ಹಳೆಯದನ್ನು ವಿಲೇವಾರಿ ಮಾಡಿರಿ.