ನೀರಿನ ಲೆಕ್ಕಕ್ಕೆ ಹೊರಗಿನ ಆಡಿಟರ್ ಬೇಕಾ?

ಪ್ರಶ್ನೆ: ನೀರು ಪೂರೈಕೆ ನಷ್ಟದಲ್ಲಿದೆ, ಕರ ಏರಿಸದೆ ಬೇರೆ ದಾರಿ ಇಲ್ಲ ಅನ್ನೋ ಮಾತು ಆಗಾಗ ಕೇಳ್ತೀವಿ. ನೀರಿನ ಲೆಕ್ಕವನ್ನು ಸ್ವತಂತ್ರ ಆಡಿಟರ್ ಕಡೆಯಿಂದ ಪರಿಶೀಲಿಸಿ ಅಂತ ನಮ್ಮ ಓಣಿಯವರೆಲ್ಲ ಸೇರಿ ನಗರಸಭೆಗೆ ಮನವಿ ಕೊಡಬೇಕು ಅಂದುಕೊಂಡಿದ್ದೇವೆ. ‘ವರ್ಷಾ ವರ್ಷ ಆಡಿಟ್ ಆಗುತ್ತಲ್ಲ, ಮತ್ಯಾಕೆ?’ ಅಂತ ಕೆಲವರು ಕೇಳ್ತಾರೆ. ನಮ್ಮ ಬೇಡಿಕೆ ಸರಿಯೇ?
– ಬೆಟಗೇರಿಯ ಓದುಗರು

ಉತ್ತರ: ಸರಿ ಇದೆ. ಆದರೆ ಮನವಿ ಬರೆಯೋ ಮೊದಲು ಈಗಾಗಲೇ ಆಗಿರೋ ಆಡಿಟ್ ವರದಿಯನ್ನು ತರಿಸಿ ಓದಿ.

ನಗರಸಭೆ, ಪಾಲಿಕೆಗಳ ಲೆಕ್ಕವನ್ನು ರಾಜ್ಯ ಸರ್ಕಾರದ ಲೆಕ್ಕಪರಿಶೋಧನಾ ಇಲಾಖೆ ನೋಡುತ್ತದೆ. ಇವರು ನಗರಸಭೆಯ ನೌಕರರಲ್ಲ, ಹಾಗಾಗಿ ಹೊರಗಿನ ಆಡಿಟ್ ಈಗಲೂ ಇದೆ. ಇದರ ಮೇಲೆ ಸಿಎಜಿ (ದೇಶದ ಮಹಾಲೆಕ್ಕಪರಿಶೋಧಕರು) ಕಡೆಯವರು ಅಲ್ಲೊಂದು ಇಲ್ಲೊಂದು ಕಡತ ಆರಿಸಿಕೊಂಡು ಪರಿಶೀಲಿಸುತ್ತಾರೆ. ತಪ್ಪು ಕಂಡಲ್ಲೆಲ್ಲ ಆಡಿಟರ್ ಒಂದೊಂದು ಕಂಡಿಕೆ (ಆಕ್ಷೇಪಣೆಯ ಪ್ಯಾರಾ) ಬರೆಯುತ್ತಾರೆ, ಅದಕ್ಕೆ ಕಚೇರಿಯವರು ಉತ್ತರ ಕೊಟ್ಟು ತೀರುವಳಿ ಮಾಡಿಸಿಕೊಳ್ಳಬೇಕು, ಅಂದರೆ ಆ ಆಕ್ಷೇಪಣೆ ಮುಗಿಸಿಕೊಳ್ಳಬೇಕು. ನನ್ನ ಪ್ರಕಾರ ನಿಜವಾದ ಸಮಸ್ಯೆ ಇರೋದು ಇಲ್ಲೇ: ಉತ್ತರ ಕೊಡದ ಕಂಡಿಕೆ ಮುಂದಿನ ವರ್ಷದ ವರದಿಗೆ, ಅಲ್ಲಿಂದ ಅದರ ಮುಂದಿನ ವರದಿಗೆ ಹೋಗುತ್ತಲೇ ಇರುತ್ತದೆ, ಅದನ್ನು ಕೇಳುವವರು ಯಾರೂ ಇರೋದಿಲ್ಲ. ಹೊಸ ಆಡಿಟರ್ ಬಂದು ಇನ್ನೊಂದು ವರದಿ ಬರೆದರೂ ಹಳೆಯದನ್ನೇ ಯಾರೂ ಓದದಿದ್ದರೆ ಏನು ಬಂತು?

ಆ ವರದಿಯಲ್ಲಿ ಮೊದಲು ನೋಡಬೇಕಾದ್ದು, ನೀರಿನ ಲೆಕ್ಕ ಪ್ರತ್ಯೇಕವಾಗಿ ಇದೆಯೋ ಇಲ್ಲವೋ ಅಂತ. ಹೆಚ್ಚಿನ ಕಡೆ ನೀರಿನ ಕರ, ಆಸ್ತಿ ತೆರಿಗೆ, ಅನುದಾನ, ಸಿಬ್ಬಂದಿ ಸಂಬಳ ಎಲ್ಲ ಒಟ್ಟಾಗಿಯೇ ಇರುತ್ತದೆ. ತುಂಗಭದ್ರೆಯಿಂದ ಗದಗ-ಬೆಟಗೇರಿವರೆಗೆ ನೀರು ಎತ್ತಿ ತರಬೇಕಲ್ವಾ, ಅದಕ್ಕೆ ಹೆಸ್ಕಾಂ ಬಿಲ್ ದೊಡ್ಡ ಖರ್ಚು. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವಿದ್ಯುತ್ ಬಿಲ್‌ಗೆಂದೇ ಒಂದು ಭಾಗ ಬರುತ್ತದೆ. ಆ ಹಣವನ್ನು ನೀರಿನ ಆದಾಯಕ್ಕೆ ಸೇರಿಸಿದರೆ ನಷ್ಟ ಚಿಕ್ಕದಾಗಿ ಕಾಣುತ್ತದೆ. ಅದನ್ನು ಬಿಟ್ಟು ಬಿಲ್ ಮಾತ್ರ ಖರ್ಚಿಗೆ ಹಾಕಿದರೆ ನಷ್ಟ ಬೆಟ್ಟದಷ್ಟಾಗುತ್ತದೆ. ಬೀದಿ ದೀಪದ ಬಿಲ್ಲೂ ಅದರಲ್ಲೇ ಸೇರಿದ್ದರಂತೂ ಕೇಳಲೇಬೇಡಿ. ಹಾಗಾಗಿ ಯಾರಾದರೂ ‘ನಷ್ಟ’ ಅಂದಾಗ, ಯಾವ ಲೆಕ್ಕದ ಪ್ರಕಾರ ಅಂತ ಕೇಳಿ.

ಎರಡನೆಯದು ಬೇಡಿಕೆ-ವಸೂಲಿ-ಬಾಕಿ ತಖ್ತೆ, ಅಂದರೆ ಬರಬೇಕಾದ ಕರ (ಬೇಡಿಕೆ) ಎಷ್ಟು, ಬಂದದ್ದೆಷ್ಟು, ಉಳಿದದ್ದೆಷ್ಟು ಅನ್ನೋ ಪಟ್ಟಿ. ಯಾವಾಗಲೋ ಬಂದ್ ಆದ ನಳದ ಬಾಕಿ ಬೇಡಿಕೆಯಲ್ಲಿ ಹಾಗೇ ಉಳಿದಿದೆಯಾ? ಅನಧಿಕೃತ ನಳಗಳು ಪಟ್ಟಿಗೇ ಬಂದಿಲ್ಲವಾ? ರಸೀದಿ ಪುಸ್ತಕ, ಕ್ಯಾಶ್ ಬುಕ್, ಬ್ಯಾಂಕ್ ಖಾತೆ ಮೂರೂ ಒಂದಕ್ಕೊಂದು ತಾಳೆ ಆಗುತ್ತವಾ? ಹೋಲಿಸಿ ನೋಡೋಕೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಕೊಟ್ಟ ಮಾನದಂಡ ಇದೆ: ಬೇಡಿಕೆಯಲ್ಲಿ ಶೇ 90ರಷ್ಟು ವಸೂಲಾಗಬೇಕು, ನಡೆಸುವ ಖರ್ಚು ಪೂರ್ತಿ ವಾಪಸ್ ಬರಬೇಕು, ಕಾಸು ಬಾರದೆ ಹೋಗುವ ನೀರು ಶೇ 20 ದಾಟಬಾರದು. ಈ ಕೊನೆಯದು ಹಣದ ಆಡಿಟ್‌ನಲ್ಲಿ ಸಿಗೋದಿಲ್ಲ. ಎಷ್ಟು ನೀರು ಎತ್ತಿದರು, ಮನೆಗಳಿಗೆ ಎಷ್ಟು ಮುಟ್ಟಿತು ಅಂತ ನೀರನ್ನೇ ಅಳೆಯಬೇಕು. ಮನವಿಯಲ್ಲಿ ಅದನ್ನೂ ಸೇರಿಸಿ.

ಇನ್ನು ‘ಸ್ವತಂತ್ರ’ ಅನ್ನೋ ವಿಷಯ. ಎಷ್ಟೋ ಕಡೆ ನಗರಸಭೆಯ ವಾರ್ಷಿಕ ಲೆಕ್ಕ ಬರೆದುಕೊಡೋದೇ ಹೊರಗಿನ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಸಂಸ್ಥೆ. ಲೆಕ್ಕ ಬರೆದವರೇ ಆಡಿಟ್ ಮಾಡಬಾರದು, ಇದನ್ನು ಮನವಿಯಲ್ಲಿ ಬಿಡಿಸಿ ಬರೆಯಿರಿ. ಆಡಿಟರನ್ನು ಯಾರು ನೇಮಿಸುತ್ತಾರೆ, ಅವರು ವರದಿ ಯಾರ ಕೈಗೆ ಕೊಡುತ್ತಾರೆ ಅನ್ನೋದು ಅವರ ಹೆಸರಿಗಿಂತ ಮುಖ್ಯ. ವರದಿ ಪೌರಾಯುಕ್ತರ ಮೇಜಿಗೆ ಮಾತ್ರ ಹೋದರೆ ಸಾಲದು. ಅದು ಸಾಮಾನ್ಯ ಸಭೆಯ ಮುಂದೆ ಬರಬೇಕು, ವೆಬ್‌ಸೈಟ್‌ನಲ್ಲೂ ಇರಬೇಕು.

ವೆಬ್‌ಸೈಟ್ ಅಂದಾಗ ಇನ್ನೊಂದು ಮಾತು. 15ನೇ ಹಣಕಾಸು ಆಯೋಗದ ಅನುದಾನ ಬೇಕಾದರೆ ಸ್ಥಳೀಯ ಸಂಸ್ಥೆಗಳು ಆಡಿಟ್ ಆದ ಲೆಕ್ಕವನ್ನು ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ಷರತ್ತಿತ್ತು. ಮೊದಲು ಅಲ್ಲೇ ಹುಡುಕಿ. ಕಂಡಿಕೆಗಳು ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ‘ಎಲ್ಲಾ ದಾಖಲೆ ಕೊಡಿ’ ಅಂತ ಸುಮ್ನೆ ಬರೆಯಬೇಡಿ. ‘ಇಂಥ ವರ್ಷದ ಆಡಿಟ್ ವರದಿಯಲ್ಲಿ ನೀರು ಪೂರೈಕೆಗೆ ಸಂಬಂಧಿಸಿದ ತೀರುವಳಿಯಾಗದ ಕಂಡಿಕೆಗಳು ಮತ್ತು ಅವುಗಳಿಗೆ ಕೊಟ್ಟ ಉತ್ತರಗಳ ಪ್ರತಿ’ ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಪ್ರಶ್ನೆ: ನೀರು ಪೂರೈಕೆಯನ್ನು ಖಾಸಗಿ ಕಂಪನಿಗೆ ವಹಿಸಿದರೆ ಅವರ ಲೆಕ್ಕವನ್ನೂ ನಾವು ನೋಡಬಹುದಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಕಂಪನಿಯ ಒಳಗಿನ ಲೆಕ್ಕ ಪೂರ್ತಿಯಾಗಿ ಸಿಗೋದು ಕಷ್ಟ, ಅದಕ್ಕೆ ಕಂಪನಿ ಕಾಯ್ದೆಯ ಪ್ರಕಾರ ಬೇರೆ ಆಡಿಟರ್ ಇರುತ್ತಾರೆ. ನಿಮಗೆ ಬೇಕಿರೋದೂ ಅದಲ್ಲ. ಹಣ ಕೊಡುವ ಸರ್ಕಾರಿ ಕಚೇರಿಯಿಂದ ಕರಾರು ಪತ್ರ, ಪಾವತಿಯಾದ ಬಿಲ್‌ಗಳು, ಕೆಲಸ ಸರಿಯಾಗಿದೆ ಅಂತ ಸಹಿ ಹಾಕಿದ ಪ್ರಮಾಣ ಪತ್ರಗಳನ್ನು ಕೇಳಿ. ಕರಾರಿನಲ್ಲಿ ಹೇಳಿದ ಗುರಿ ಮುಟ್ಟದಿದ್ದಾಗ ದಂಡ ಕಡಿತ ಮಾಡಿದ್ದಾರಾ ಅನ್ನೋದು ಆ ಬಿಲ್‌ಗಳಲ್ಲೇ ಗೊತ್ತಾಗುತ್ತದೆ.