17 ಸಾವಿರದ ಕೆಲಸ ಬಿಟ್ಟು ಸ್ವಂತ ಉದ್ಯೋಗ ಆರಂಭಿಸಬಹುದೇ?

ನಿಮಗೆ 28 ವರ್ಷ, ಚಿತ್ರದುರ್ಗದಲ್ಲೇ ಖಾಸಗಿ ಕೆಲಸ, ತಿಂಗಳಿಗೆ 17,000 ಸಂಬಳ, ಒಂದೂವರೆ ಲಕ್ಷ ಉಳಿತಾಯ. ಬೆಳಿಗ್ಗೆ ಐದಕ್ಕೆ ಏಳುವುದು, ವ್ಯಾಯಾಮ, ಹೊತ್ತಿಗೆ ಸರಿಯಾಗಿ ಊಟ, ಇವನ್ನೆಲ್ಲ ಮೊದಲು ರೂಢಿಸಿಕೊಂಡು ಆಮೇಲೆ ಕೆಲಸ ಬಿಟ್ಟರೆ ಎರಡು ವರ್ಷದಲ್ಲಿ ಯಾರ ಹಂಗೂ ಇಲ್ಲದೆ ಬದುಕಬಹುದೇ ಎಂದು ಕೇಳಿದ್ದೀರಿ. ನಾನು ಕೆಲಸ ಬಿಟ್ಟಾಗ ನನಗೂ ಹೆಚ್ಚುಕಡಿಮೆ ಇಷ್ಟೇ ವಯಸ್ಸು, ತಲೆಯಲ್ಲಿ ಇದೇ ಲೆಕ್ಕ.

ನಾನು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವವನು, ಅಂದರೆ ಸುಟ್ಟ ಮೋಟಾರಿನೊಳಗೆ ಹೊಸ ತಾಮ್ರದ ತಂತಿ ಸುತ್ತುವವನು. ಮೊದಲು ಬೇರೆಯವರ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಿದ್ದೆ. ಮಾಲೀಕರು ರೈತರಿಂದ ಒಂದು ಮೋಟಾರಿಗೆ 9,000 ಎಣಿಸಿಕೊಳ್ಳುವುದನ್ನು ನೋಡುತ್ತಿದ್ದೆ, ನನ್ನ ಕೈಗೆ ದಿನಗೂಲಿ ಬರುತ್ತಿತ್ತು. ಉಳಿದದ್ದೆಲ್ಲ ಅವರ ಲಾಭ ಎಂದೇ ನಂಬಿದ್ದೆ. 2021ರ ಕೊನೆಯಲ್ಲಿ ಊರಿನಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು ಸ್ವಂತ ಅಂಗಡಿ ತೆರೆದೆ.

ಮೊದಲ ಬೇಸಿಗೆಯಲ್ಲಿ ಅಂಗಡಿಯ ನೆಲವೇ ಕಾಣದಷ್ಟು ಮೋಟಾರುಗಳು ಬಂದವು. ನಮ್ಮ ಕಡೆಯ ತೋಟಗಳು ಎಷ್ಟರ ಮಟ್ಟಿಗೆ ಕೊಳವೆಬಾವಿಯನ್ನೇ ನಂಬಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಫೆಬ್ರುವರಿ ದಾಟಿದರೆ ಅಂತರ್ಜಲ ಇಳಿಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ನೀರಿಲ್ಲದೆ ಓಡಿ ಕಾಯಿಲ್ ಸುಟ್ಟುಹೋಗುತ್ತದೆ. ಹೊಳಲ್ಕೆರೆ ಕಡೆಯಿಂದ, ಭರಮಸಾಗರದಿಂದ, ಹಿರಿಯೂರು ಕಡೆಯಿಂದ ಗೂಡ್ಸ್ ಆಟೊದಲ್ಲಿ ಮೋಟಾರ್ ಹೇರಿಕೊಂಡು ರಾತ್ರಿ ಒಂಬತ್ತಕ್ಕೆ ಬರುತ್ತಿದ್ದರು. "ತಮ್ಮಾ, ಬೆಳಗಾಗುವುದರೊಳಗೆ ಆಗಲೇಬೇಕು, ತೋಟ ಒಣಗುತ್ತಿದೆ" ಎಂದು ವಯಸ್ಸಾದವರು ಎದುರಿಗೆ ನಿಂತರೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? ರಾತ್ರಿಯೆಲ್ಲ ಸುತ್ತುತ್ತಿದ್ದೆ. ಸಂಜೆ ಮಂಡಕ್ಕಿ ಮಿರ್ಚಿ, ನಡುರಾತ್ರಿಗೆ ಊಟ, ಮಧ್ಯೆ ಲೆಕ್ಕವಿಲ್ಲದಷ್ಟು ಚಹಾ.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ನನ್ನ ಅಂಗಡಿಯಲ್ಲಿ ಇದ್ದದ್ದು ಒಂದೇ ಗಲ್ಲಾ. ಗಿರಾಕಿ ಕೊಟ್ಟ ದುಡ್ಡು ಅದರೊಳಗೆ ಹೋಗುತ್ತಿತ್ತು, ಮನೆಯ ದಿನಸಿ, ಮಗಳ ಶಾಲೆಯ ಶುಲ್ಕ, ಹೊಸ ಬೈಕಿನ ಕಂತು, ಎಲ್ಲವೂ ಅದರಿಂದಲೇ ಹೊರಡುತ್ತಿದ್ದವು. ಸಂಜೆ ಗಲ್ಲಾ ತುಂಬಿದ್ದರೆ ಇಂದು ಒಳ್ಳೆಯ ಸಂಪಾದನೆ ಎಂದುಕೊಳ್ಳುತ್ತಿದ್ದೆ. ಆದರೆ ಆ 9,000ದಲ್ಲಿ 5,000ದಷ್ಟು ತಾಮ್ರದ ತಂತಿಯದ್ದು, ಅದನ್ನು ಸಗಟು ವ್ಯಾಪಾರಿಯಿಂದ ಉದ್ರಿ ತಂದಿದ್ದೆ. ಬೇರಿಂಗ್, ಸೀಲ್ ಸೇರಿದರೆ ಇನ್ನೊಂದು ಸಾವಿರ. ಜೊತೆಯ ಹುಡುಗನ ಕೂಲಿ, ಬಾಡಿಗೆ, ಕರೆಂಟು ಕಳೆದರೆ ನನ್ನದು ಎನ್ನಬಹುದಾದದ್ದು ಒಂದೂವರೆ ಸಾವಿರವೂ ಉಳಿಯುತ್ತಿರಲಿಲ್ಲ. ನಾನು ಮಾತ್ರ ಒಂಬತ್ತು ಸಾವಿರದವನಂತೆ ಖರ್ಚು ಮಾಡುತ್ತಿದ್ದೆ. ಇನ್ನೂ ಮುಟ್ಟದ ಮೋಟಾರಿಗೆ ತೆಗೆದುಕೊಂಡ ಮುಂಗಡವನ್ನೂ ತಿಂದಿದ್ದೆ. ನಷ್ಟದ ವ್ಯಾಪಾರವಾಗಿದ್ದರೆ ಬೇಗ ಗೊತ್ತಾಗುತ್ತಿತ್ತು. ನನ್ನದು ಲಾಭದ ವ್ಯಾಪಾರವೇ, ಅದಕ್ಕೇ ತಿಳಿಯಲಿಲ್ಲ. ಕೆಲಸ ಬರುತ್ತಿರುವವರೆಗೆ ಹೊಸ ಗಿರಾಕಿಯ ದುಡ್ಡು ಹಳೆಯ ಬಾಕಿಯನ್ನು ಮುಚ್ಚುತ್ತಿತ್ತು.

ಆ ವರ್ಷ ಮಳೆ ಹೇಗೆ ಬಂತೆಂದು ನಿಮಗೆ ನೆನಪಿರಬಹುದು. ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಬಾರಿಗೆ. ಜಿಲ್ಲೆಗೆ ಜಿಲ್ಲೆಯೇ ಆ ಅಣೆಕಟ್ಟಿರುವ ಮಾರಿಕಣಿವೆಗೆ ಹೋಯಿತು, ನಾವೂ ಮಗಳನ್ನು ಕರೆದುಕೊಂಡು ಹೋಗಿ ನೀರಿಗೆ ಕೈಮುಗಿದು ಬಂದೆವು. ಕೆರೆ ತುಂಬಿತು, ಬೋರುಗಳಲ್ಲಿ ನೀರು ಮೇಲೆ ಬಂತು, ಯಾರಿಗೂ ಹಗಲಿರುಳು ಮೋಟಾರ್ ಓಡಿಸುವ ಅಗತ್ಯವೇ ಇರಲಿಲ್ಲ. ಓಡದ ಮೋಟಾರ್ ಸುಡುವುದಿಲ್ಲ. ನನ್ನ ಅಂಗಡಿಗೆ ವಾರಗಟ್ಟಲೆ ಯಾರೂ ಬರಲಿಲ್ಲ. ಬಂದದ್ದು ತಂತಿಯ ವ್ಯಾಪಾರಿ, ಬಾಕಿ ಚೀಟಿ ಹಿಡಿದುಕೊಂಡು. ಅವರ ತಪ್ಪೇನೂ ಇಲ್ಲ, ಕೊಟ್ಟ ಮಾಲಿನ ಹಣ ಕೇಳಿದರು. ಮರ್ಯಾದೆಗೆ ಅಂಜಿ ಮೀಟರ್ ಬಡ್ಡಿಗೆ ಸಾಲ ತಂದೆ. ಅದನ್ನು ತೀರಿಸಲು ಹೆಂಡತಿಯ ಬಳೆ, ಸರ ಮಾರಿದೆವು. ಅಡವಿಟ್ಟಿದ್ದರೆ ಬಿಡಿಸಿಕೊಳ್ಳಬಹುದಿತ್ತು, ಅಷ್ಟು ಯೋಚಿಸುವ ವ್ಯವಧಾನವೂ ಆಗ ಇರಲಿಲ್ಲ.

ಅಂಗಡಿಯನ್ನು ಸರಿದಾರಿಗೆ ತಂದವಳು ಅವಳೇ. ಒಂದು ನೋಟ್‌ಬುಕ್ಕಿನಲ್ಲಿ ಮನೆಗೆ ತಿಂಗಳಿಗೆ ಏನೇನು ಬೇಕೆಂದು ಬರೆದಳು, 14,000ಕ್ಕೆ ನಿಂತಿತು. "ಇಷ್ಟು ನಿನ್ನ ಸಂಬಳ, ಅಂಗಡಿ ನಿನಗೆ ಕೊಡಬೇಕು, ಇದಕ್ಕಿಂತ ಒಂದು ರೂಪಾಯಿ ಹೆಚ್ಚು ಮುಟ್ಟಬೇಡ" ಎಂದಳು. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ತೆರೆದೆವು, ಗೋಡೆಯ ಕ್ಯೂಆರ್ ಕೋಡ್ ಅದಕ್ಕೇ ಸೇರುತ್ತದೆ. ತಂತಿಯ ಹಣ ಬಂದ ದಿನವೇ ವ್ಯಾಪಾರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಸಂಬಳ ಕಳೆದು ಉಳಿದದ್ದು ಮಳೆಗಾಲದ ಸಂಬಳಕ್ಕೆಂದು ಬ್ಯಾಂಕಿನ ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕೂರುತ್ತದೆ. 2023ರಲ್ಲಿ ಬರ ಬಂತು, ಕೆಲಸ ಮತ್ತೆ ತುಂಬಿತು. ರೈತರ ಕಷ್ಟದ ವರ್ಷವೇ ನನ್ನ ಸಂಪಾದನೆಯ ವರ್ಷ ಎನ್ನುವುದು ನನಗೆ ಇಂದಿಗೂ ಹಿತವಾದ ಮಾತಲ್ಲ. ಆದರೆ ಆ ಬೇಸಿಗೆಯಲ್ಲೂ ನನ್ನ ಸಂಬಳ ಅಷ್ಟೇ ಇತ್ತು.

ಈಗ ನಿಮ್ಮ ಅಭ್ಯಾಸಗಳ ವಿಷಯ. ಇಲ್ಲಿ ನಿಮ್ಮ ಮಾತನ್ನು ನಾನು ಒಪ್ಪುವುದೇ ಇಲ್ಲ. ಐದಕ್ಕೆ ಏಳುವುದನ್ನು ಕಲಿತ ಮೇಲೆ ಉದ್ಯೋಗ ಎನ್ನುತ್ತೀರಿ. ಸಾಲದಲ್ಲಿದ್ದಾಗ ನಾನು ರಾತ್ರಿ ಬಂದ ಒಬ್ಬ ಗಿರಾಕಿಯನ್ನೂ ಹಿಂದಕ್ಕೆ ಕಳಿಸಲಾಗುತ್ತಿರಲಿಲ್ಲ, ಅವನು ಕೊಡುವ ಮುಂಗಡವೇ ನಾಳೆಯ ಬಡ್ಡಿಯಾಗಿತ್ತು. ಅಂಥವನಿಗೆ ಬೇಗ ಮಲಗು, ಹೊತ್ತಿಗೆ ಊಟ ಮಾಡು ಎಂದರೆ ಏನು ಪ್ರಯೋಜನ? ಮಳೆಗಾಲದ ಸಂಬಳ ಬ್ಯಾಂಕಿನಲ್ಲಿ ಕೂತ ಮೇಲೆ ರಾತ್ರಿ ಎಂಟಕ್ಕೆ ಷಟರ್ ಎಳೆಯುವ ಧೈರ್ಯ ಬಂತು. ತೀರಾ ತುರ್ತಿದ್ದವರಿಗೆ ಬಾಡಿಗೆಗೆ ಕೊಡಲು ಒಂದು ಹಳೆಯ ಮೋಟಾರ್ ಸಿದ್ಧ ಮಾಡಿ ಇಟ್ಟಿದ್ದೇನೆ, ತೋಟವೂ ಒಣಗುವುದಿಲ್ಲ. ಒಂಬತ್ತಕ್ಕೆ ಊಟ, ಹತ್ತಕ್ಕೆ ನಿದ್ದೆ. ಬೆಳಿಗ್ಗೆ ಎಚ್ಚರ ತಾನಾಗಿಯೇ ಆಗುತ್ತದೆ, ಚಂದ್ರವಳ್ಳಿ ಕಡೆ ನಡೆದು ಬರುತ್ತೇನೆ. ಮಧ್ಯಾಹ್ನ ಒಂದಕ್ಕೆ ಮನೆಯ ಮುದ್ದೆ, ಸೊಪ್ಪಿನ ಸಾರು. ಏರಿದ್ದ ರಕ್ತದೊತ್ತಡ ಇಳಿದಿದೆ, ಮಾತ್ರೆಯನ್ನು ಮಾತ್ರ ವೈದ್ಯರು ಹೇಳದೆ ನಿಲ್ಲಿಸಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ಬಂದ ಶಿಸ್ತು ಇದಲ್ಲ, ಬ್ಯಾಂಕಿನಲ್ಲಿದ್ದ ದುಡ್ಡಿನಿಂದ ಬಂದದ್ದು.

ಕೆಲಸವೆಂದರೆ ಗುಲಾಮಗಿರಿ ಎಂದು ಬರೆದಿದ್ದೀರಲ್ಲ, ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ನಿಮ್ಮ ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ 21,000ದವರೆಗಿನ ಸಂಬಳಕ್ಕೆ ಅದು ಅನ್ವಯಿಸುತ್ತದೆ. ನಿಮ್ಮಿಂದ ಶೇ 0.75, ಮಾಲೀಕರಿಂದ ಶೇ 3.25, ಅದರಲ್ಲಿ ಮನೆಯವರ ಚಿಕಿತ್ಸೆಯೂ ಸೇರಿದೆ. ಪಿಎಫ್ (ಭವಿಷ್ಯ ನಿಧಿ) ಇದ್ದರೆ ನಿಮ್ಮ ಶೇ 12ಕ್ಕೆ ಮಾಲೀಕರೂ ಅಷ್ಟೇ ಸೇರಿಸುತ್ತಾರೆ. ಕೆಲಸ ಬಿಟ್ಟರೆ ಇವೆರಡನ್ನೂ ನೀವೇ ದುಡಿದು ತುಂಬಬೇಕು. ನಾನು ಈಗ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಕಟ್ಟುತ್ತೇನೆ, ವರ್ಷಕ್ಕೆ 500 ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436ರ ಜೀವ ವಿಮೆ, ಎರಡಕ್ಕೂ ತಲಾ 2 ಲಕ್ಷದ ರಕ್ಷಣೆ ಇದೆ. ಕರೆಂಟಿನ ಜೊತೆ ಕೆಲಸ ಮಾಡುವ ನನಗೆ ಇವಿಲ್ಲದೆ ನಿದ್ದೆ ಬರುವುದಿಲ್ಲ.

ಕೆಲಸ ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ನಾನೂ ಮತ್ತೆ ಬೇರೆಯವರ ಅಂಗಡಿಗೆ ಹೋಗುವವನಲ್ಲ. ಯಾವ ವ್ಯಾಪಾರ ಲಾಭದ್ದು ಎಂದು ಊರೆಲ್ಲ ಕೇಳುವುದನ್ನು ನಿಲ್ಲಿಸಿ, ನಿಮ್ಮ ಕೈಗೆ ಆಗಲೇ ಗೊತ್ತಿರುವ ಕೆಲಸವನ್ನು ಭಾನುವಾರಗಳಲ್ಲಿ ಸಣ್ಣದಾಗಿ ಮಾಡಿ ನೋಡಿ. ಆ ಒಂದೂವರೆ ಲಕ್ಷವನ್ನು ಅಂಗಡಿಯ ಗಾಜು, ಬೋರ್ಡು, ಬಣ್ಣಕ್ಕೆ ಸುರಿಯಬೇಡಿ, ಅದು ನಿಮ್ಮ ಮಳೆಗಾಲದ ಸಂಬಳ. ಉಪಕರಣಕ್ಕೆ ಹಣ ಬೇಕಾದರೆ ಮುದ್ರಾ ಯೋಜನೆಯ ಶಿಶು ಸಾಲವಿದೆ, 50,000ದವರೆಗೆ ಅಡಮಾನ ಕೇಳುವಂತಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಎರಡು ವರ್ಷದ ಗಡುವನ್ನು ಬಿಟ್ಟುಬಿಡಿ. ನಿಮ್ಮ ಕಸುಬಿಗೂ ಒಂದು ಬೇಸಿಗೆ, ಒಂದು ಮಳೆಗಾಲ ಇರುತ್ತದೆ, ಎರಡನ್ನೂ ಕಣ್ಣಾರೆ ಕಂಡ ಮೇಲೆ ರಾಜೀನಾಮೆ ಬರೆಯಿರಿ.

ನಿಮ್ಮ ಪ್ರಶ್ನೆಯಲ್ಲಿ ಸಂಬಳ ಇದೆ, ಉಳಿತಾಯ ಇದೆ, ಮನೆಗೆ ತಿಂಗಳಿಗೆ ಎಷ್ಟು ಬೇಕು ಎಂಬುದು ಮಾತ್ರ ಇಲ್ಲ. ಮನೆಯವರ ಜೊತೆ ಕೂತು ಆ ಲೆಕ್ಕ ಮಾಡಿ, ನಿಮಗೆ ಯಾವ ಕೆಲಸ ಬರುತ್ತದೆ ಎಂಬುದನ್ನೂ ಸೇರಿಸಿ ಇಲ್ಲಿ ಬರೆಯಿರಿ. ಅಂಗಡಿ ನಿಮಗೆ ಆ ಸಂಬಳ ಕೊಡಲು ಎಷ್ಟು ಕೆಲಸ ಬರಬೇಕಾಗುತ್ತದೆ ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ.