ಮುಟ್ಟದೆ ಹಿಂಬಾಲಿಸುವ ನೌಕೆ

ಪ್ರಶ್ನೆ: ‘ಡ್ರ್ಯಾಗ್-ಫ್ರೀ’ ನೌಕೆಯೊಳಗೆ ಲೋಹದ ತುಂಡೊಂದು ಏನನ್ನೂ ತಾಗದೆ ತೇಲುತ್ತದೆ, ನೌಕೆಯೇ ಅದನ್ನು ಹಿಂಬಾಲಿಸುತ್ತದೆ ಅಂತ ಓದಿದೆ. ಅಲ್ಲಿ ಗಾಳಿಯೇ ಇಲ್ಲವಲ್ಲ, ಮತ್ತೆ ಯಾವ ಎಳೆತದಿಂದ ತಪ್ಪಿಸಿಕೊಳ್ಳಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಶಿರಸಿ

ಉತ್ತರ: ಕಾರ್ತಿಕದಲ್ಲಿ ತುಳಸಿಕಟ್ಟೆಗೆ ದೀಪ ಒಯ್ಯುವುದನ್ನು ನೋಡಿದ್ದೀರಿ, ಅಲ್ವಾ? ನಮ್ಮಮ್ಮ ಒಂದು ಕೈಯಲ್ಲಿ ಹಣತೆ ಹಿಡಿದು, ಇನ್ನೊಂದು ಅಂಗೈ ಮರೆ ಮಾಡಿಕೊಂಡು ಅಂಗಳ ದಾಟುತ್ತಿದ್ದರು. ಕುಡಿ ಬಾಗಿದತ್ತ ಅಂಗೈ ಸರಿಯುತ್ತಿತ್ತು. ತಾಗಬಾರದು, ದೂರವೂ ಆಗಬಾರದು. ನೌಕೆಯದು ಆ ಅಂಗೈಯ ಕೆಲಸ. ಯಂತ್ರಗಳ ನಿಯಂತ್ರಣ, ಅಂದರೆ ಕಂಟ್ರೋಲ್, ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನೋಡಿ, ತಿದ್ದಿ, ಮತ್ತೆ ನೋಡುವ ಸುತ್ತಿಗೆ ನಾವು ಲೂಪ್ ಅನ್ನುತ್ತೇವೆ. ಇದಕ್ಕಿಂತ ಚೆಂದದ ಲೂಪ್ ನನಗೆ ಸಿಕ್ಕಿಲ್ಲ.

ಗಾಳಿ ಇಲ್ಲ, ಸರಿ. ಬಿಸಿಲು ಇದೆ. ಬೆಳಕೂ ತಳ್ಳುತ್ತದೆ. ಗುರುತ್ವದ ಅಲೆ ಹಿಡಿಯಲಿರುವ ಲೀಸಾ ಯೋಜನೆಗೆ ಮುಂಚಿನ ಪರೀಕ್ಷಾ ನೌಕೆ, ಯುರೋಪಿನ ಲೀಸಾ ಪಾತ್‌ಫೈಂಡರ್, 2015ರ ಡಿಸೆಂಬರ್ 3ರಂದು ಹೊರಟು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆ ನೆಲೆಯೂರಿತು. ಬಿಸಿಲು ಅದನ್ನು ತಳ್ಳುತ್ತಿದ್ದುದು ಸುಮಾರು 25 ಮೈಕ್ರೋನ್ಯೂಟನ್ ಬಲದಿಂದ. ಹೆಚ್ಚುಕಡಿಮೆ ಒಂದು ಸೊಳ್ಳೆಯ ತೂಕ! ಗುರುತ್ವದ ಅಲೆ ಹಿಡಿಯುವವರಿಗೆ ಅದೂ ತೀರಾ ಜಾಸ್ತಿ.

ಒಳಗೆ ಚಿನ್ನ-ಪ್ಲಾಟಿನಂ ಬೆರೆಸಿದ ಎರಡು ಘನಗಳಿದ್ದವು. ಬದಿ 46 ಮಿಲಿಮೀಟರ್, ತೂಕ ಎರಡು ಕಿಲೋಗೆ ಚೂರು ಕಡಿಮೆ. ಆಯಸ್ಕಾಂತದ ಸೆಳೆತ ಅಂಟಬಾರದು ಅಂತ ಈ ಮಿಶ್ರಣ. ಸುತ್ತ ಕೆಲವೇ ಮಿಲಿಮೀಟರ್ ಜಾಗ. ಲೇಸರ್ ಮತ್ತು ಎಲೆಕ್ಟ್ರೋಡುಗಳು ಘನ ಎಲ್ಲಿದೆ ಅಂತ ನೋಡುತ್ತವೆ. ನೌಕೆ ಸರಿದರೆ ಥ್ರಸ್ಟರ್‌ಗಳು ಚೂರೇ ಚೂರು ಸಾರಜನಕ ಬಿಟ್ಟು ಅದನ್ನು ಜಾಗಕ್ಕೆ ತರುತ್ತವೆ.

ಅಳೆಯಬೇಕಾದದ್ದು ಎರಡು ಘನಗಳ ನಡುವಿನ ಅಂತರ ಎಷ್ಟು ಅಲುಗುತ್ತದೆ ಅನ್ನುವುದನ್ನು. ಆದರೆ ನೌಕೆ ಒಂದು, ಘನ ಎರಡು. ಎರಡರ ಹಿಂದೆಯೂ ಒಟ್ಟಿಗೆ ಹೋಗಲು ಆಗದು. ಮೊದಲನೆಯದನ್ನು ನೌಕೆ ಹಿಂಬಾಲಿಸುತ್ತದೆ. ಎರಡನೆಯದನ್ನು ವಿದ್ಯುತ್ ಬಲದಿಂದ ಮೆತ್ತಗೆ ಜೊತೆಗಿಟ್ಟುಕೊಳ್ಳುತ್ತದೆ. ಆ ‘ಮೆತ್ತಗೆ’ಯನ್ನು ಚೆನ್ನಾಗಿ ಗಮನಿಸಿ. ನನ್ನ ಹುಡುಗರು ಲ್ಯಾಬ್‌ನಲ್ಲಿ ಗೇನ್, ಅಂದರೆ ತಪ್ಪನ್ನು ತಿದ್ದುವ ಜೋರು, ಏರಿಸುತ್ತಿದ್ದರು, ಎರರ್ ಬೇಗ ಸೊನ್ನೆಯಾಯಿತು ಅಂತ ಕುಣಿಯುತ್ತಿದ್ದರು. ಇಲ್ಲಿ ಹಾಗೆ ಮಾಡಿದರೆ ಸೆನ್ಸರಿನ ಗದ್ದಲವೆಲ್ಲ ಘನದ ಮೈಮೇಲೆ ಬರುತ್ತದೆ. ಅದಕ್ಕೇ ಈ ಲೂಪ್ ನಿಧಾನ. ಅಳೆಯಬೇಕಾದ ಆವರ್ತನಗಳಲ್ಲಿ ಅದು ಕೈ ಕಟ್ಟಿ ಕೂರಬೇಕು.

ಇನ್ನು ನೌಕೆಯೇ ಮಾಡುವ ತೊಂದರೆಗಳು. ಅದರ ಮೈಭಾರವೂ ಘನವನ್ನು ಸೆಳೆಯುತ್ತದಲ್ಲ? ಭಾಗ ಭಾಗದ ಸೆಳೆತ ಲೆಕ್ಕ ಹಾಕಿ, ಪಕ್ಕದಲ್ಲಿ ಸರಿದೂಗುವ ತೂಕ ಇಟ್ಟರು. ಕಾಸ್ಮಿಕ್ ಕಿರಣಗಳಿಂದ ಘನಕ್ಕೆ ಚಾರ್ಜ್ ಏರುತ್ತದೆ. ವೈರ್ ಕಟ್ಟಿ ಅರ್ಥ್ ಮಾಡೋಣ ಅಂದರೆ ವೈರೇ ಸ್ಪ್ರಿಂಗಿನಂತೆ ಎಳೆಯುತ್ತದೆ. ಹಾಗಾಗಿ ನೇರಳಾತೀತ ಬೆಳಕು ಬಿಟ್ಟು ಎಲೆಕ್ಟ್ರಾನ್‌ಗಳನ್ನು ಎಬ್ಬಿಸಿ ಚಾರ್ಜ್ ಇಳಿಸಿದರು. ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟಿದ್ದೆ.

2016ರ ಜೂನ್‌ನಲ್ಲಿ ಫಲಿತಾಂಶ ಬಂತು. ಘನಗಳು ಅಲುಗದೆ ತೇಲಿದ್ದು ಇಟ್ಟುಕೊಂಡ ಗುರಿಗಿಂತ ಐದು ಪಟ್ಟು ಚೆನ್ನಾಗಿತ್ತು. ಮುಂದೆ ಲೀಸಾದ ಮೂರು ನೌಕೆಗಳು 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ಇದೇ ಕೆಲಸ ಮಾಡಬೇಕು.

ಪ್ರಶ್ನೆ: ಭೂಮಿಯ ಹತ್ತಿರ ಇದು ನಡೆಯುತ್ತದಾ?
– ಓದುಗರು, ಹಾಸನ

ಉತ್ತರ: ನಡೆದಿದೆ. 1972ರಲ್ಲೇ ಅಮೆರಿಕದ ಟ್ರಯಾಡ್ ಉಪಗ್ರಹ ಇದನ್ನು ಮಾಡಿ ತೋರಿಸಿತ್ತು. 2009ರಲ್ಲಿ ಹೋದ ಯುರೋಪಿನ ಗೋಚೆ ಉಪಗ್ರಹ ಸುಮಾರು 255 ಕಿಲೋಮೀಟರ್ ಎತ್ತರದಲ್ಲೇ ಹಾರುತ್ತಿತ್ತು. ಅಲ್ಲಿ ತೆಳು ಗಾಳಿ ಇದೆ. ಅದರ ತಡೆಯನ್ನು ಅಯಾನ್ ಎಂಜಿನ್ ಸರಿದೂಗಿಸುತ್ತಿತ್ತು. 2013ರ ಅಕ್ಟೋಬರ್‌ನಲ್ಲಿ ಆ ಎಂಜಿನ್ ಬಳಸುತ್ತಿದ್ದ ಝೆನಾನ್ ಅನಿಲ ಮುಗಿಯಿತು. ಮೂರೇ ವಾರಕ್ಕೆ ಉಪಗ್ರಹ ಕೆಳಗೆ ಬಿತ್ತು.